ಒಂಬತ್ತು ವರ್ಷ ನಿಂತ ವಿಮಾನ, ಒಂಬತ್ತು ವರ್ಷ ಹಾರದ ಪೈಲಟ್: ಮೊದಲು ಸಿದ್ಧವಾಗಬೇಕಾದವರು ಯಾರು?

ಪ್ರಶ್ನೆ: ನನಗೆ 58 ವರ್ಷ. ಕಿಟ್ ತರಿಸಿ ನಾನೇ ಕಟ್ಟಿದ ಎರಡು ಸೀಟಿನ ಹಗುರ ವಿಮಾನವಿದೆ. ರೆಕ್ಕೆ ಮೇಲಿದೆ, ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಪಾಲಿಯೆಸ್ಟರ್ ಬಟ್ಟೆ ಹೊದಿಸಿದೆ, ಮೂರನೆಯ ಚಕ್ರ ಬಾಲದಲ್ಲಿದೆ, ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ಆರಂಭದ ವರ್ಷಗಳಲ್ಲಿ ಒಟ್ಟು 140 ಗಂಟೆ ಹಾರಿಸಿದೆ. ಆಮೇಲೆ ಕೆಲಸ, ಸಂಸಾರದ ಜವಾಬ್ದಾರಿಗಳ ನಡುವೆ ಒಂಬತ್ತು ವರ್ಷ ಹಾರಲು ಆಗಲಿಲ್ಲ. ವಿಮಾನ ಮುಚ್ಚಿದ ಹ್ಯಾಂಗರ್‌ನಲ್ಲೇ ಇತ್ತು. ಮೊದಲ ಕೆಲವು ವರ್ಷ ತಿಂಗಳಿಗೊಮ್ಮೆ ಹೋಗಿ ಹತ್ತು ನಿಮಿಷ ಎಂಜಿನ್ ಓಡಿಸುತ್ತಿದ್ದೆ. ಟ್ಯಾಂಕ್‌ನಲ್ಲಿ ಸ್ವಲ್ಪ ಹಳೇ ಪೆಟ್ರೋಲ್ ಉಳಿದಿದೆ. ಎಂಜಿನ್ ಕೊಂಡು 15 ವರ್ಷವಾದರೂ ಅದು ಬರೀ 140 ಗಂಟೆಯ ಎಂಜಿನ್, ಹೊಸದೇ ಅಂದುಕೊಳ್ಳಿ ಎನ್ನುತ್ತಾರೆ ಸ್ನೇಹಿತರು. ಹೊಸ ಬ್ಯಾಟರಿ ಹಾಕಿ, ಆಯಿಲ್ ಬದಲಿಸಿ, ರನ್‌ವೇಯಲ್ಲಿ ನಾಲ್ಕು ಸಲ ಜೋರಾಗಿ ಓಡಿಸಿ ನೋಡಿ ಹಾರಬಹುದೇ? ಅಥವಾ ಇದನ್ನು ಮಾರಿ ಬೇರೆ ದಾರಿ ಹುಡುಕಲೇ?

ಉತ್ತರ: ಹಾರಬಹುದು, ಮಾರಬೇಕಾಗಿಲ್ಲ. ಆದರೆ ನೀವು ಹೇಳಿದ ಕ್ರಮದಲ್ಲಿ ಬೇಡ. ಈಗ ನಿಮ್ಮ ಮುಂದೆ ಗೊತ್ತಿಲ್ಲದ ಸಂಗತಿಗಳು ಎರಡಿವೆ. ಒಂದು ವಿಮಾನದ ಸ್ಥಿತಿ, ಇನ್ನೊಂದು ನಿಮ್ಮ ಕೈಯ ಸ್ಥಿತಿ. ಎರಡನ್ನೂ ಒಂದೇ ಹಾರಾಟದಲ್ಲಿ ಪರೀಕ್ಷೆಗೆ ಒಡ್ಡಬಾರದು. ಎಂಜಿನ್ ತಡವರಿಸಿದ ಹೊತ್ತಿಗೆ ಪೈಲಟ್ ಚುರುಕಾಗಿರಬೇಕು. ಪೈಲಟ್ ತಡವರಿಸುವ ಹೊತ್ತಿಗೆ ಎಂಜಿನ್ ಸರಿಯಾಗಿರಬೇಕು. ಎರಡೂ ಒಟ್ಟಿಗೆ ಕೈಕೊಟ್ಟರೆ ಸರಿಪಡಿಸಿಕೊಳ್ಳಲು ಸಮಯವೂ ಇರುವುದಿಲ್ಲ, ಎತ್ತರವೂ ಇರುವುದಿಲ್ಲ.

ಇದು ಬರೀ ಅಳುಕಿನ ಮಾತಲ್ಲ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಮನೆಯಲ್ಲೇ ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಮುಂದೆ ನಿಂತ ಕಾರಣಗಳು ಎರಡು: ಎಂಜಿನ್ ಶಕ್ತಿ ಹೋಗುವುದು, ಹಾರಾಟದಲ್ಲಿ ನಿಯಂತ್ರಣ ತಪ್ಪುವುದು. ವಿಮಾನದ ಮೊದಲ ಹಾರಾಟಗಳು, ಹೊಸ ಮಾಲೀಕನ ಕೈಗೆ ಬಂದ ಮೇಲಿನ ಮೊದಲ ಹಾರಾಟಗಳು ಹೆಚ್ಚು ಅಪಾಯದವು ಎಂಬುದನ್ನೂ ಅದು ಎತ್ತಿ ತೋರಿಸಿತು. ಒಂಬತ್ತು ವರ್ಷದ ಬಳಿಕ ನಿಮ್ಮ ವಿಮಾನಕ್ಕೆ ಇದು ಮತ್ತೆ ಮೊದಲ ಹಾರಾಟವೇ. ನೀವೂ ಅದಕ್ಕೆ ಹೆಚ್ಚುಕಡಿಮೆ ಹೊಸ ಮಾಲೀಕರೇ. ನಾನೇ ಕಟ್ಟಿದ್ದು, ಒಂದೊಂದು ಬೋಲ್ಟೂ ಗೊತ್ತು ಎಂಬ ವಿಶ್ವಾಸ ನಿಮ್ಮಲ್ಲಿ ಇರಬಹುದು. ಆದರೆ ನಿಮಗೆ ಗೊತ್ತಿರುವುದು ಒಂಬತ್ತು ವರ್ಷದ ಹಿಂದಿನ ಬೋಲ್ಟು.

140 ಗಂಟೆ ಎಂಬ ಲೆಕ್ಕ

ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯವಿದೆ. ಪಿಸ್ಟನ್, ಬೇರಿಂಗ್, ಗೇರ್‌ಗಳು ಓಡಿದಷ್ಟೇ ಸವೆಯುತ್ತವೆ. ರಬ್ಬರ್, ಸೀಲ್, ಗ್ಯಾಸ್ಕೆಟ್, ಲೋಹದ ಮೇಲಿನ ತೇವ ಇವುಗಳಿಗೆ ಗಂಟೆಯ ಲೆಕ್ಕವಿಲ್ಲ, ಕ್ಯಾಲೆಂಡರ್ ಲೆಕ್ಕ. ಅದಕ್ಕೇ ರೋಟಾಕ್ಸ್ ಕಂಪನಿ ಓವರ್‌ಹಾಲ್ (ಎಂಜಿನ್ ಪೂರ್ತಿ ಬಿಚ್ಚಿ ಸರಿಪಡಿಸುವ) ಅವಧಿಯನ್ನು ಎರಡು ಬಗೆಯಲ್ಲಿ ಹೇಳುತ್ತದೆ. ಈಚಿನ 912 ಎಂಜಿನ್‌ಗಳಿಗೆ 2000 ಗಂಟೆ ಅಥವಾ 15 ವರ್ಷ, ಯಾವುದು ಮೊದಲು ಬರುತ್ತದೋ ಅದು. ಹಳೆಯ ಕ್ರಮಸಂಖ್ಯೆಗಳಿಗೆ ಎರಡೂ ಇನ್ನೂ ಕಡಿಮೆ. ನಿಮ್ಮ ಎಂಜಿನ್‌ನ ಕ್ರಮಸಂಖ್ಯೆ ಹಿಡಿದು ನಿಮ್ಮ ಮಿತಿ ಯಾವುದೆಂದು ನೋಡಿ. ಗಂಟೆಯಲ್ಲಿ ಅದು ಹೊಸದು, ವರ್ಷದಲ್ಲಿ ಮಿತಿ ತಲುಪಿದೆ ಅಥವಾ ಆಗಲೇ ದಾಟಿದೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಈ ಮಿತಿ ಕಡ್ಡಾಯವೇ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಕಾನೂನು ಬಿಟ್ಟರೂ ರಬ್ಬರ್ ಬಿಡುವುದಿಲ್ಲ.

ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿದ ವಿಷಯ. ಪ್ರೀತಿಯಿಂದ ಮಾಡಿದ ಕೆಲಸ, ಆದರೆ ಎಂಜಿನ್‌ಗೆ ಒಳ್ಳೆಯದಾಗಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಬಹುಪಾಲು ಸೈಲೆನ್ಸರ್‌ನಿಂದ ಹೊರಹೋದರೂ ಸ್ವಲ್ಪ ಭಾಗ ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಸೇರುತ್ತದೆ. ಹಾರಾಟದಲ್ಲಿ ಆಯಿಲ್ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ನೀರು ಆವಿಯಾಗುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿದರೆ ಆಯಿಲ್ ಅಷ್ಟು ಕಾಯುವುದೇ ಇಲ್ಲ. ಹಾಗಾಗಿ ಪ್ರತಿ ತಿಂಗಳೂ ಒಳಗೆ ಒಂದಿಷ್ಟು ನೀರು, ಒಂದಿಷ್ಟು ಆಮ್ಲ ಸೇರಿಸಿಟ್ಟು ಬಂದ ಹಾಗಾಯಿತು. ಹಾರಲು ಆಗದಿದ್ದರೆ ಓಡಿಸದೆ, ಸಂರಕ್ಷಣಾ ಆಯಿಲ್ ಹಾಕಿ, ಬಾಯಿಗಳನ್ನು ಮುಚ್ಚಿಡುವುದೇ ಸರಿ.

ಈಗ ಮಾಡಬೇಕಾದ್ದು: ಮೇಲಿನ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಬೋರ್‌ಸ್ಕೋಪ್ (ಒಳಗೆ ನೋಡುವ ಸಣ್ಣ ಕ್ಯಾಮೆರಾ) ಇಳಿಸಿ ಸಿಲಿಂಡರ್ ಗೋಡೆ, ವಾಲ್ವ್‌ಗಳನ್ನು ನೋಡಿಸಿ. ಹಳೇ ಆಯಿಲ್ ಇಳಿಸಿ, ಆಯಿಲ್‌ನಲ್ಲಿನ ಲೋಹದ ಚೂರು ಹಿಡಿಯುವ ಮ್ಯಾಗ್ನೆಟಿಕ್ ಪ್ಲಗ್ ತೆಗೆದು ಒರೆಸಿ ನೋಡಿ. ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡಿ. ಕಂದು ಪುಡಿ, ಹೊಳೆಯುವ ಚೂರು ಕಂಡರೆ ಅಲ್ಲಿಗೆ ನಿಲ್ಲಿಸಿ, ಎಂಜಿನ್ ಬಿಚ್ಚಬೇಕು. ಎಲ್ಲ ಸ್ವಚ್ಛವಿದ್ದರೆ ಮುಂದಿನ ಹೆಜ್ಜೆ.

ಹೊಸ ಆಯಿಲ್ ಹಾಕಿದ ಕೂಡಲೇ ಸ್ಟಾರ್ಟ್ ಮಾಡಬೇಡಿ. 912ರಲ್ಲಿ ಆಯಿಲ್ ಬೇರೆ ಟ್ಯಾಂಕ್‌ನಲ್ಲಿದೆ. ಪಂಪ್ ಅದನ್ನು ಹೋಸ್ ಮೂಲಕ ಎಳೆದುಕೊಳ್ಳಬೇಕು, ನಡುವೆ ಗಾಳಿ ಸಿಕ್ಕಿದ್ದರೆ ಬೇರಿಂಗ್‌ಗಳು ಒಣಗಿಯೇ ತಿರುಗುತ್ತವೆ. ಪ್ಲಗ್‌ಗಳನ್ನು ಹೊರಗಿಟ್ಟು, ಇಗ್ನಿಷನ್ ಆಫ್ ಮಾಡಿ, ಆಯಿಲ್ ಪ್ರೆಷರ್ ಮುಳ್ಳು ಏಳುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿ. ಒಮ್ಮೆಗೆ 10 ಸೆಕೆಂಡ್ ಮಾತ್ರ, ನಡುವೆ ಎರಡು ನಿಮಿಷ ಬಿಡುವು. ಪ್ರೊಪೆಲ್ಲರ್ ಅನ್ನು ಕೈಯಿಂದ ತಿರುಗಿಸುವಾಗ ಅದು ಓಡುವ ದಿಕ್ಕಿಗೇ ತಿರುಗಿಸಿ. ಹಿಮ್ಮುಖವಾಗಿ ತಿರುಗಿಸಿದರೆ ಆಯಿಲ್ ವ್ಯವಸ್ಥೆಗೆ ಗಾಳಿ ಸೇರುತ್ತದೆ. ಮೊದಲ ಸ್ಟಾರ್ಟ್ ಆದ 10 ಸೆಕೆಂಡ್‌ಗಳೊಳಗೆ ಪ್ರೆಷರ್ ಬರದಿದ್ದರೆ ಆಫ್ ಮಾಡಿಬಿಡಿ.

ಪೆಟ್ರೋಲ್ ಸಾಗುವ ದಾರಿ

ಎಂಜಿನ್‌ಗಿಂತ ನನಗೆ ಹೆಚ್ಚು ಚಿಂತೆ ಇರುವುದು ಇಲ್ಲಿ. ಬಹುಕಾಲ ನಿಂತ ವಿಮಾನದಲ್ಲಿ ಎಂಜಿನ್ ನಿಂತುಹೋದರೆ ಹೆಚ್ಚಿನ ಸಲ ಅದರ ಮೂಲ ಕಬ್ಬಿಣದಲ್ಲಿರುವುದಿಲ್ಲ, ಪೆಟ್ರೋಲ್ ಬರುವ ದಾರಿಯಲ್ಲಿರುತ್ತದೆ.

ಉಳಿದಿರುವ ಪೆಟ್ರೋಲ್ ಅನ್ನು ಪೂರ್ತಿ ಇಳಿಸಿ, ಗಾಜಿನ ಜಾಡಿಯಲ್ಲಿ ಒಂದಿಷ್ಟು ಹಿಡಿದು ಬೆಳಕಿಗೆ ನೋಡಿ. ಬಂಕ್ ಪೆಟ್ರೋಲ್‌ನಲ್ಲಿ ಎಥನಾಲ್ ಇದ್ದಿದ್ದರೆ ಅದು ಗಾಳಿಯ ತೇವ ಹೀರಿಕೊಂಡಿರುತ್ತದೆ. 10% ಎಥನಾಲ್ ಇರುವ ಪೆಟ್ರೋಲ್ ಸುಮಾರು 0.5% ನೀರನ್ನಷ್ಟೇ ತನ್ನೊಳಗೆ ಇಟ್ಟುಕೊಳ್ಳಬಲ್ಲದು. ಅದು ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಮೇಲುಳಿದ ಪೆಟ್ರೋಲ್‌ನ ಆಕ್ಟೇನ್ ಕುಸಿಯುತ್ತದೆ. ನಿಮ್ಮ ಎಂಜಿನ್‌ಗೆ ಕನಿಷ್ಠ 95 ಆಕ್ಟೇನ್ ಬೇಕು. ಹಳೇ ಪೆಟ್ರೋಲ್‌ಗೆ ಹೊಸದನ್ನು ಬೆರೆಸಿ ಹಾರುವ ಯೋಚನೆಯೇ ಬೇಡ.

ಫೈಬರ್ ಟ್ಯಾಂಕ್ ಆಗಿದ್ದರೆ ಒಳಗೋಡೆಯ ರಾಳ ಮೆತ್ತಗಾಗಿದೆಯೇ ನೋಡಬೇಕು. ಟ್ಯಾಂಕ್ ಯಾವುದೇ ಇರಲಿ, ಕಟ್ಟುವಾಗ ಸೋರದಂತೆ ಒಳಗೆ ಸೀಲಂಟ್ ಸುರಿದು ಅಲುಗಾಡಿಸಿದ್ದರೆ, ಅದು ಈಗ ಪೊರೆಪೊರೆಯಾಗಿ ಎದ್ದು ಬಂದಿರಬಹುದು. ಆ ಪೊರೆ ಹೊರಹೋಗುವ ಬಾಯಿಗೆ ಅಂಟಿಕೊಂಡರೆ ಎಂಜಿನ್ ನಿಲ್ಲುತ್ತದೆ. ನೆಲಕ್ಕಿಳಿಯುವಷ್ಟರಲ್ಲಿ ಪೊರೆ ಜಾರಿ ಮತ್ತೆ ಟ್ಯಾಂಕ್ ಸೇರಿರುತ್ತದೆ, ಯಾಕೆ ನಿಂತಿತೆಂದು ಯಾರಿಗೂ ತಿಳಿಯುವುದಿಲ್ಲ. ಟ್ಯಾಂಕ್‌ನ ಗಾಳಿ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ನೋಡಿ.

ಹೋಸ್‌ಗಳನ್ನು ಕಣ್ಣಲ್ಲಿ ನೋಡಿ ಪಾಸು ಮಾಡಬೇಡಿ. ಪೆಟ್ರೋಲ್, ಆಯಿಲ್, ಕೂಲಂಟ್ ರಬ್ಬರ್ ಹೋಸ್‌ಗಳು, ಕಾರ್ಬ್ಯುರೇಟರ್ ಕೂರುವ ರಬ್ಬರ್ ಸಾಕೆಟ್, ಕಾರ್ಬ್ಯುರೇಟರ್ ಒಳಗಿನ ಡಯಾಫ್ರಾಮ್ ಇವೆಲ್ಲ ರೋಟಾಕ್ಸ್ ಪ್ರಕಾರ ಐದು ವರ್ಷಕ್ಕೊಮ್ಮೆ ಬದಲಾಗಬೇಕಾದವು. ನಿಮ್ಮದಕ್ಕೆ ಆ ಅವಧಿ ಎಂದೋ ಮೀರಿದೆ. ಎಂಜಿನ್ ಮೇಲಿನ ಪೆಟ್ರೋಲ್ ಪಂಪನ್ನೂ ಇದರ ಜೊತೆಗೇ ಬದಲಿಸಿಬಿಡಿ. ಸಾಕೆಟ್‌ನಲ್ಲಿ ರಬ್ಬರ್ ಲೋಹಕ್ಕೆ ಅಂಟಿರುವ ಅಂಚನ್ನು ಟಾರ್ಚ್ ಹಿಡಿದು, ಕಾರ್ಬ್ಯುರೇಟರ್ ಅನ್ನು ಮೆಲ್ಲಗೆ ಬಾಗಿಸಿ ನೋಡಿ. ಕೂದಲೆಳೆಯ ಬಿರುಕು ಬಾಯಿ ಬಿಡುತ್ತದೆ. ಅಲ್ಲಿಂದ ಗಾಳಿ ಎಳೆದುಕೊಂಡರೆ ಆ ಬದಿಯ ಸಿಲಿಂಡರ್‌ಗಳಿಗೆ ಪೆಟ್ರೋಲ್ ಸಾಲದಾಗುತ್ತದೆ.

ಇನ್ನು ಎರಡು ಬಿಂಗ್ ಕಾರ್ಬ್ಯುರೇಟರ್‌ಗಳು. ಕೆಳಗಿನ ಬಟ್ಟಲಿನ ಕಂಬಿ ಸರಿಸಿ ಬಟ್ಟಲು ಇಳಿಸಿದರೆ ತಳದಲ್ಲಿ ಕಂದು ಬಣ್ಣದ, ಹುಳಿ ವಾಸನೆಯ ಅಂಟು ಸಿಗುವ ಸಾಧ್ಯತೆಯೇ ಹೆಚ್ಚು. ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಕೊಡುವ ಐಡಲ್ ಜೆಟ್‌ನ ರಂಧ್ರ ಅರ್ಧ ಮಿಲಿಮೀಟರಿಗಿಂತ ಸಣ್ಣದು, ಮೊದಲು ಕಟ್ಟಿಕೊಳ್ಳುವುದೂ ಅದೇ. ತಂತಿ ಚುಚ್ಚಿ ತೆಗೆಯಲು ಹೋದರೆ ರಂಧ್ರ ದೊಡ್ಡದಾಗುತ್ತದೆ, ದ್ರಾವಕದಲ್ಲಿ ನೆನೆಸಿ ಗಾಳಿ ಊದಿ ಅಥವಾ ಜೆಟ್ ಬದಲಿಸಿ. ಬಟ್ಟಲಿನಲ್ಲಿ ತೇಲುವ ಎರಡು ಫ್ಲೋಟ್‌ಗಳನ್ನು ತೆಗೆದು ಒರೆಸಿ, 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಟ್ಟಿಗೆ ತೂಗಿ. ಜೋಡಿ 7 ಗ್ರಾಂ ಮೀರಬಾರದು. ಮೀರಿದ್ದರೆ ಅವು ಪೆಟ್ರೋಲ್ ಕುಡಿದು ಭಾರವಾಗಿವೆ, ಬಟ್ಟಲು ಉಕ್ಕಿ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ತಡವರಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಪೆಟ್ರೋಲ್ ಸಾಕಷ್ಟು ಬರುತ್ತದೆಯೇ ಎಂದು ಅಳೆಯಲೇಬೇಕು. ಕಟ್ಟಿದಾಗ ಒಮ್ಮೆ ಅಳೆದಿದ್ದೇನೆ ಎನ್ನಬೇಡಿ, ಈಗ ಹೋಸ್, ಪಂಪ್, ಫಿಲ್ಟರ್ ಎಲ್ಲ ಹೊಸವು. ಟೇಕಾಫ್ ಶಕ್ತಿಯಲ್ಲಿ ನಿಮ್ಮ ಎಂಜಿನ್ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಮೂಲಕ ಬರುವ ವ್ಯವಸ್ಥೆಯಲ್ಲಿ ಇದರ 125%, ಬರೀ ಎತ್ತರದಿಂದ ಇಳಿದು ಬರುವುದಾದರೆ 150% ಹರಿಯಬೇಕೆಂಬುದು ಒಪ್ಪಿತ ಅಳತೆ. ಅಂದರೆ ಆರು ನಿಮಿಷಕ್ಕೆ ಕ್ರಮವಾಗಿ ಸುಮಾರು 3.4 ಲೀಟರ್, 4.1 ಲೀಟರ್. ವಿಮಾನದ ಮೂತಿಯನ್ನು ಅದು ಅತಿ ಕಡಿದಾಗಿ ಏರುವ ಕೋನಕ್ಕೆ ಎತ್ತಿಟ್ಟು, ಟ್ಯಾಂಕ್‌ನಲ್ಲಿ ತೀರಾ ಕಡಿಮೆ ಪೆಟ್ರೋಲ್ ಇರುವಾಗ, ಕಾರ್ಬ್ಯುರೇಟರ್ ಬಳಿ ಹೋಸ್ ಬಿಚ್ಚಿ ಅಳತೆಯ ಪಾತ್ರೆಗೆ ಹಿಡಿಯಿರಿ. ಹ್ಯಾಂಗರ್ ಹೊರಗೆ, ವಿಮಾನಕ್ಕೆ ಅರ್ತ್ ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಮಾಡುವ ಕೆಲಸ ಇದು.

ಚೌಕಟ್ಟು, ಬಟ್ಟೆ, ಉಪಕರಣ

ಬಾಲದ ಚಕ್ರದ ವಿಮಾನ ನಿಂತಾಗ ಬಾಲವೇ ತಗ್ಗು. ಒಳಗೆ ಇಳಿದ ತೇವವೆಲ್ಲ ಬಾಲದ ಕಂಬದ ಬಳಿ, ಕೆಳಗಿನ ಉದ್ದ ಕೊಳವೆಗಳಲ್ಲಿ ಕೂರುತ್ತದೆ. ಉಕ್ಕಿನ ಕೊಳವೆ ಒಳಗಿನಿಂದ ತುಕ್ಕು ಹಿಡಿದರೆ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಆ ಭಾಗದ ಬಟ್ಟೆ ಸ್ವಲ್ಪ ತೆರೆದು ಮೊಂಡು ಮೊನೆಯ ಪಂಚ್‌ನಿಂದ ಒತ್ತಿ ನೋಡಿಸಿ, ತಗ್ಗು ಬಿದ್ದರೆ ಕೊಳವೆ ತೆಳ್ಳಗಾಗಿದೆ. ರೆಕ್ಕೆಯೊಳಗೆ ಇಲಿ ಗೂಡು ಕಟ್ಟಿದ್ದರೆ ಗೂಡನ್ನು ಎತ್ತಿ ಎಸೆದರೆ ಮುಗಿಯಲಿಲ್ಲ. ಇಲಿಯ ಮೂತ್ರ ಅಲ್ಯೂಮಿನಿಯಂ ತಿನ್ನುತ್ತದೆ, ಅದರ ಕೆಳಗಿನ ಲೋಹವನ್ನು ತೊಳೆದು ಪರೀಕ್ಷಿಸಬೇಕು. ಬಟ್ಟೆಯ ಶತ್ರು ಬಿಸಿಲು. ಹ್ಯಾಂಗರ್‌ನಲ್ಲಿದ್ದುದರಿಂದ ನಿಮ್ಮದು ಚೆನ್ನಾಗಿರಬಹುದು, ಆದರೂ ಹೆಚ್ಚು ಬೆಳಕು ಬಿದ್ದಿರುವ ರೆಕ್ಕೆಯ ಮೇಲ್ಭಾಗದಲ್ಲಿ ಶಕ್ತಿ ಪರೀಕ್ಷೆ ಮಾಡಿಸಿ. ಕಂಟ್ರೋಲ್ ಕೇಬಲ್‌ಗಳ ಮೇಲೆ ಹಳೇ ಬಟ್ಟೆ ಹಿಡಿದು ಎಳೆಯಿರಿ, ಮುರಿದ ಎಳೆಯಿದ್ದರೆ ಸಿಕ್ಕಿಕೊಳ್ಳುತ್ತದೆ. ರಾಟೆ ಇರುವ ಜಾಗಗಳಲ್ಲಿ ನಿಧಾನಿಸಿ ನೋಡಿ.

ವೇಗ ತೋರಿಸುವ ಮೀಟರ್ ಸುಳ್ಳು ಹೇಳಿದರೆ ಸ್ಟಾಲ್ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಎಲ್ಲಿ ಆಗುತ್ತದೆಂಬುದೇ ತಿಳಿಯುವುದಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪಾರದರ್ಶಕ ಹೋಸನ್ನು ಯು ಆಕಾರದಲ್ಲಿ ಬಾಗಿಸಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಮೀಟರ್‌ಗೆ ಎದುರುಗಾಳಿಯ ಒತ್ತಡ ಮುಟ್ಟಿಸುವ ಪಿಟೊ ಕೊಳವೆಗೆ ಸೇರಿಸಿ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ 48 ಮಿಲಿಮೀಟರ್ ಆಗುವ ಹಾಗೆ ಇನ್ನೊಂದು ತುದಿಯನ್ನು ನಿಧಾನವಾಗಿ ಎತ್ತಿದರೆ ಮೀಟರ್ ಗಂಟೆಗೆ 100 ಕಿಲೋಮೀಟರ್ ತೋರಿಸಬೇಕು. ಹಾಗೇ ಹಿಡಿದಿಟ್ಟಾಗ ಮುಳ್ಳು ಇಳಿಯತೊಡಗಿದರೆ ಎಲ್ಲೋ ಸೋರುತ್ತಿದೆ. ಬಾಯಿಯಿಂದ ಊದಬೇಡಿ, ಮೀಟರ್ ಒಡೆಯುತ್ತದೆ.

ತುರ್ತು ಸಂಕೇತ ಯಂತ್ರ ಹಳೆಯ 121.5 ಮೆಗಾಹರ್ಟ್ಸ್‌ನದಷ್ಟೇ ಆಗಿದ್ದರೆ ಉಪಗ್ರಹಗಳು ಅದನ್ನು ಕೇಳುವುದನ್ನು 2009ರ ಫೆಬ್ರವರಿ 1ರಿಂದಲೇ ನಿಲ್ಲಿಸಿವೆ. 406 ಮೆಗಾಹರ್ಟ್ಸ್‌ನದು ಬೇಕು. ಸೀಟ್ ಬೆಲ್ಟ್, ಟೈರ್, ಬ್ರೇಕ್ ಸೀಲ್‌ಗಳನ್ನೂ ನೋಡಿ. ವಿಮಾನಕ್ಕೆ ಪ್ಯಾರಾಚೂಟ್ ಇದ್ದರೆ ಅದರ ರಾಕೆಟ್‌ಗೂ ಅವಧಿ ಇರುತ್ತದೆ, ಅದನ್ನು ತಯಾರಕರ ಕೈಗೇ ಕೊಡಿ. ಕೊನೆಗೆ ಮೂರು ತಕ್ಕಡಿಗಳ ಮೇಲಿಟ್ಟು ವಿಮಾನವನ್ನು ಹೊಸದಾಗಿ ತೂಗಿ. ನಿಮ್ಮನ್ನೂ ತೂಗಿಕೊಳ್ಳಿ.

ಹೇಗೂ ಬಿಚ್ಚಿದ್ದೇವೆ, ಹೊಸ ಡಿಜಿಟಲ್ ಪ್ಯಾನೆಲ್, ಹೊಸ ಪ್ರೊಪೆಲ್ಲರ್ ಹಾಕಿಬಿಡೋಣ ಎಂಬ ಆಸೆ ಈ ಹಂತದಲ್ಲಿ ಬರುತ್ತದೆ. ಈಗ ಬೇಡ. ಹಳೆಯ ಅಂಕಿಗಳ ಜೊತೆ ಹೋಲಿಸಿ ನೋಡುವುದೇ ನಿಮಗಿರುವ ದೊಡ್ಡ ಅನುಕೂಲ. ಎಲ್ಲ ಬದಲಿಸಿದರೆ ಹೋಲಿಸಲು ಏನೂ ಉಳಿಯುವುದಿಲ್ಲ.

ನಿಮ್ಮ ಕೈ, ನಿಮ್ಮ ತಲೆ

ವಿಮಾನ ಬಿಚ್ಚಿ ಹರಡಿರುವ ತಿಂಗಳುಗಳಲ್ಲೇ ನೀವು ಬೇರೆ ವಿಮಾನದಲ್ಲಿ ಬೋಧಕರ ಜೊತೆ ಹಾರಲು ಶುರು ಮಾಡಿ. ಕಲಿತ ವಿದ್ಯೆ ಮರೆಯುವುದಿಲ್ಲ ಎನ್ನುತ್ತಾರೆ. ಕೋಲು ಹಿಡಿದು ನೇರ ಹಾರಿಸುವುದು, ತಿರುಗಿಸುವುದು ಒಂದೆರಡು ಗಂಟೆಯಲ್ಲಿ ಮರಳಿ ಬರುತ್ತದೆ, ನಿಜ. ಬೇಗ ಅಳಿಸಿಹೋಗುವುದು ಕ್ರಮ ಮತ್ತು ತೀರ್ಮಾನ: ಯಾವ ಸ್ವಿಚ್ ಯಾವಾಗ, ಈ ಗಾಳಿಯಲ್ಲಿ ಇಳಿಯಬೇಕೇ ಬೇಡವೇ, ರೇಡಿಯೊದಲ್ಲಿ ಮಾತಾಡುತ್ತಲೇ ವೇಗ ನೋಡುವುದು. ಕೈ ಬೇಗ ಮರಳುವುದರಿಂದ ತಲೆಯೂ ಮರಳಿದೆ ಎಂಬ ಭ್ರಮೆ ಹುಟ್ಟುತ್ತದೆ. ಅಪಾಯವಿರುವುದು ಆ ಭ್ರಮೆಯಲ್ಲಿ.

ಬೋಧಕರ ಜೊತೆ 8ರಿಂದ 10 ಗಂಟೆ, ಅದರಲ್ಲಿ ಅರ್ಧವಾದರೂ ಬಾಲದ ಚಕ್ರದ ವಿಮಾನದಲ್ಲಿ ಎಂಬುದು ನನ್ನ ಸಲಹೆ. ಬಾಲದ ಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಮೂತಿ ಸ್ವಲ್ಪ ಅತ್ತಿತ್ತ ಸರಿದರೆ ಹಿಂದಿನ ಭಾರ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಮೇಲಿನ ಕಾಲು ಒಂದು ಕ್ಷಣ ತಡವಾದರೆ ವಿಮಾನ ಗಿರಕಿ ಹೊಡೆದು ರೆಕ್ಕೆ ನೆಲಕ್ಕೆ ತಾಗುತ್ತದೆ. ಗಂಟೆ ಲೆಕ್ಕಕ್ಕಿಂತ ಇಳಿದ ಲೆಕ್ಕ ಮುಖ್ಯ, ಅಡ್ಡಗಾಳಿಯಲ್ಲೂ ಇಳಿದಿರಬೇಕು.

ಎಂಜಿನ್ ನಿಂತಾಗ ಏನು ಮಾಡಬೇಕೆಂಬುದನ್ನು ಕೈಗೆ ಹತ್ತುವವರೆಗೆ ಅಭ್ಯಾಸ ಮಾಡಿ. ಹಗುರ ವಿಮಾನಕ್ಕೆ ಚಲನೆಯ ಬಲ ಕಡಿಮೆ, ಗಾಳಿಯ ಎಳೆತ ಹೆಚ್ಚು. ಏರುತ್ತಿರುವಾಗ ಎಂಜಿನ್ ನಿಂತರೆ ವೇಗ ಕೆಲವೇ ಸೆಕೆಂಡ್‌ಗಳಲ್ಲಿ ಸ್ಟಾಲ್ ಹತ್ತಿರ ಬರುತ್ತದೆ. ಮೊದಲ ಕೆಲಸ ಮೂತಿ ಇಳಿಸುವುದು. ಎತ್ತರ ಕಡಿಮೆ ಇದ್ದರೆ ಎದುರಿಗೆ, ಎಡಬಲ 30 ಡಿಗ್ರಿಯೊಳಗೆ ಸಿಗುವ ಜಾಗದಲ್ಲೇ ಇಳಿಯಬೇಕು. ರನ್‌ವೇಗೆ ಮರಳುವ ಆಸೆ ಸೆಳೆಯುತ್ತದೆ. ಆದರೆ ಅದು 180 ಡಿಗ್ರಿಯಲ್ಲಿ ಮುಗಿಯುವುದಿಲ್ಲ, ರನ್‌ವೇ ನೇರಕ್ಕೆ ಬರಲು ಅದಕ್ಕಿಂತ ಹೆಚ್ಚೇ ತಿರುಗಬೇಕು. 45 ಡಿಗ್ರಿ ವಾಲಿಸಿ ಸಮತಟ್ಟಾಗಿ ತಿರುಗಿದರೆ ಸ್ಟಾಲ್ ವೇಗ 19% ಏರುತ್ತದೆ, 60 ಡಿಗ್ರಿಯಲ್ಲಿ 41%.

ಲೈಸೆನ್ಸ್, ವೈದ್ಯಕೀಯ ಪ್ರಮಾಣಪತ್ರ, ವಿಮಾನದ ಹಾರಾಟ ಅನುಮತಿ ಮೂರೂ ಎಲ್ಲಿ ನಿಂತಿವೆ ಎಂದು ನಿಮ್ಮ ದೇಶದ ಪ್ರಾಧಿಕಾರವನ್ನು ಮೊದಲೇ ಕೇಳಿ. ಈ ವರ್ಷಗಳಲ್ಲಿ ಬಿಪಿ, ಅಲರ್ಜಿ, ನಿದ್ದೆ ಯಾವುದಕ್ಕೇ ಮಾತ್ರೆ ಶುರುವಾಗಿದ್ದರೂ ವಿಮಾನ ವೈದ್ಯರಿಗೆ ಹೇಳಿ.

ಇರುವ ದಾರಿಗಳು

ಒಂದು, ಮೇಲೆ ಹೇಳಿದ ಹಾಗೆ ವಿಮಾನವನ್ನು ಸಿದ್ಧಪಡಿಸಿ, ಎಂಜಿನ್ ಅನ್ನು ರಬ್ಬರ್ ಬದಲಿಸಿ ಮುಂದುವರಿಸುವುದು. ಖರ್ಚು ಕಡಿಮೆ. ಒಳಗೆ ಕಾಣದ ತುಕ್ಕು ಉಳಿದಿರುವ ಸಾಧ್ಯತೆಯನ್ನು ಒಪ್ಪಿಕೊಳ್ಳಬೇಕು. ಎರಡು, ಎಂಜಿನ್ ಓವರ್‌ಹಾಲ್ ಅಥವಾ ಹೊಸ ಎಂಜಿನ್. ಖರ್ಚು ದೊಡ್ಡದು, ಮತ್ತು ಹೊಸ ಎಂಜಿನ್‌ಗೂ ಆರಂಭದ ಗಂಟೆಗಳಲ್ಲಿ ತನ್ನದೇ ತೊಂದರೆಗಳಿರುತ್ತವೆ. ಮೂರು, ಇರುವ ಹಾಗೆ, ಸ್ಥಿತಿಯನ್ನು ಮುಚ್ಚಿಡದೆ ಮಾರಿ, ಕ್ಲಬ್ ವಿಮಾನ ಅಥವಾ ಪಾಲುದಾರಿಕೆಯಲ್ಲಿ ಹಾರುವುದು. ವರ್ಷಕ್ಕೆ 20 ಗಂಟೆಯೂ ಹಾರುವ ಸಮಯ ನಿಮಗಿಲ್ಲದಿದ್ದರೆ ಇದೇ ಒಳ್ಳೆಯದು, ಇಲ್ಲವಾದರೆ ಐದು ವರ್ಷ ಕಳೆದು ಇದೇ ಪ್ರಶ್ನೆ ಮತ್ತೆ ಬರುತ್ತದೆ. ಬೋರ್‌ಸ್ಕೋಪ್ ಮತ್ತು ಫಿಲ್ಟರ್ ಸ್ವಚ್ಛವಿದ್ದು, ಅಷ್ಟು ಹಾರುವ ಮನಸ್ಸೂ ಸಮಯವೂ ಇದ್ದರೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಮೊದಲ ಹಾರಾಟ

ರನ್‌ವೇಯಲ್ಲಿ ಜೋರಾಗಿ ಓಡಿಸಿ ನೋಡುವುದನ್ನು ಬಿಟ್ಟುಬಿಡಿ. ಬಾಲದ ಚಕ್ರದ ಹಗುರ ವಿಮಾನ ಆ ವೇಗದಲ್ಲಿ ತಾನಾಗಿ ಮೇಲೇಳುತ್ತದೆ. ಹಾರುವ ಸಿದ್ಧತೆಯಿಲ್ಲದ ಪೈಲಟ್, ಉಳಿದ ರನ್‌ವೇ ಗಿಡ್ಡ, ಥ್ರಾಟಲ್ ಅರ್ಧ ಮುಚ್ಚಿದೆ: ಅಪಘಾತಕ್ಕೆ ಇಷ್ಟು ಸಾಕು. ನಡಿಗೆಯ ವೇಗದಲ್ಲಿ ಬ್ರೇಕ್, ರಡ್ಡರ್ ನೋಡಿಕೊಳ್ಳಿ. ಆಮೇಲೆ ಮೂತಿಯನ್ನು ಗಾಳಿಗೆ ತಿರುಗಿಸಿ, ಬಾಲ ಕಟ್ಟಿ, ಪೂರ್ಣ ಶಕ್ತಿ ಪರೀಕ್ಷೆ ಮಾಡಿ. ಆಯಿಲ್ 50 ಡಿಗ್ರಿ ದಾಟಿರಬೇಕು. 4000 ಆರ್‌ಪಿಎಂನಲ್ಲಿ ಎರಡು ಇಗ್ನಿಷನ್‌ಗಳನ್ನು ಒಂದೊಂದಾಗಿ ಆಫ್ ಮಾಡಿದಾಗ ಇಳಿಕೆ 300 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು.

ಮೊದಲ ಹಾರಾಟವನ್ನು ಇದೇ ಮಾದರಿಯಲ್ಲಿ ಸದ್ಯ ಹಾರುತ್ತಿರುವ ಅನುಭವಿ ಪೈಲಟ್ ಮಾಡಿದರೆ ಉತ್ತಮ. ಕಟ್ಟಿದವರಿಗೆ ಇದು ಕಷ್ಟದ ಮಾತು ಎಂದು ಗೊತ್ತು, ಆದರೂ ಕೇಳಿಕೊಳ್ಳುತ್ತೇನೆ. ಯಾರೇ ಹಾರಲಿ, ಒಬ್ಬರೇ ಹಾರಲಿ. ಉದ್ದ ರನ್‌ವೇ, ಬೆಳಗಿನ ನಿಂತ ಗಾಳಿ. ಮೈದಾನದ ಮೇಲೇ ಸುತ್ತುತ್ತ 3000 ಅಡಿಗೆ ಏರಿ, ಎಂಜಿನ್ ನಿಂತರೂ ತೇಲಿ ಬಂದು ಇಳಿಯಬಹುದಾದಷ್ಟು ಹತ್ತಿರವೇ ಇರಬೇಕು. ಮೇಲೆ ನಿಧಾನ ಹಾರಾಟ, ಸ್ಟಾಲ್ ಮಾಡಿ ನಿಜವಾದ ವೇಗ ಬರೆದುಕೊಂಡು, ಅದರ 1.3 ಪಟ್ಟು ವೇಗದಲ್ಲಿ ಇಳಿಯುವುದು. ಅರ್ಧ ಗಂಟೆ ಸಾಕು.

ಇಳಿದ ಕೂಡಲೇ ಎಂಜಿನ್ ಮುಚ್ಚಳ ತೆಗೆದು ಪ್ರತಿ ಕ್ಲಾಂಪ್, ಪ್ರತಿ ಹೋಸ್ ತುದಿ ನೋಡಿ. ಹೊಸ ರಬ್ಬರ್ ಮೊದಲ ಬಿಸಿಗೆ ಕುಗ್ಗಿ ಕ್ಲಾಂಪ್ ಸಡಿಲವಾಗುತ್ತದೆ. ಪೆಟ್ರೋಲ್ ಫಿಲ್ಟರನ್ನು ಮೊದಲ ಹಾರಾಟದ ಬಳಿಕ, ಮತ್ತೆ ಐದು ಗಂಟೆಗೆ ತೆರೆದು ನೋಡಿ. ಹತ್ತು ಗಂಟೆಗೆ ಆಯಿಲ್ ಬದಲಿಸಿ, ಫಿಲ್ಟರ್ ಕತ್ತರಿಸಿ, ಮ್ಯಾಗ್ನೆಟಿಕ್ ಪ್ಲಗ್ ಒರೆಸಿ ನೋಡಿ. ಅದು ಸ್ವಚ್ಛವಿದ್ದು, ನಿಮ್ಮ ಕೈಯಿಂದ ಆ ವಿಮಾನದಲ್ಲೇ 25-30 ಲ್ಯಾಂಡಿಂಗ್ ಆಗುವವರೆಗೆ ಪಕ್ಕದ ಸೀಟು ಖಾಲಿ ಇರಲಿ.